ತಿದ್ದಿಸಿದ ಹೆಸರು ಬೆಳಗಾಗುವಷ್ಟರಲ್ಲಿ ಯಾಕೆ ವಾಪಸ್ ಬರುತ್ತೆ?

ನಮ್ಮ ಕ್ಲಾಸ್‌ಮೇಟ್ ಒಬ್ಬಳಿದ್ದಾಳೆ. ಇಲ್ಲಿ ರಮ್ಯಾ ಎಚ್. ಎಸ್. ಅಂತ ಕರೆಯೋಣ, ನಿಜವಾದ ಹೆಸರು ಹಾಕಬೇಡಿ ಅಂದಿದ್ದಾಳೆ. ಎಚ್ ಅಂದ್ರೆ ಹಾಸನ, ಎಸ್ ಅಂದ್ರೆ ಸಿದ್ದಪ್ಪ, ಅವಳ ತಂದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಬಸ್ ಪಾಸಿನವರೆಗೆ ಎಲ್ಲ ಕಡೆ ಅವಳು ರಮ್ಯಾ ಎಚ್. ಎಸ್. ಕಾಲೇಜಿನ ಲಾಗಿನ್‌ನಲ್ಲಿ ಮಾತ್ರ 'ರಮ್ಯಾ ಸಿದ್ದಪ್ಪ'. ಬೋನಾಫೈಡ್ ಸರ್ಟಿಫಿಕೇಟ್ ಪ್ರಿಂಟ್ ಆಗೋದು ಅದೇ ಹೆಸರಲ್ಲಿ. ಹೆಸರು ತಾಳೆಯಾಗಲಿಲ್ಲ ಅಂತ ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂತು.

ಆಫೀಸಿಗೆ ಹೋದಳು. ಅಲ್ಲಿನ ಮೇಡಂ ಅವಳ ಕಣ್ಣೆದುರಿಗೇ ತಿದ್ದಿದರು. ಮಾರನೇ ದಿನ ನೋಡಿದರೆ ಮತ್ತೆ ಸಿದ್ದಪ್ಪ. ಇನ್ನೊಂದು ಸಲ ತಿದ್ದಿಸಿದಳು, ಮತ್ತೆ ಅದೇ. ಮೂರನೇ ಸಲವೂ ಹೀಗೇ ಆದಾಗ ನಾವೆಲ್ಲ ಮೇಡಂಗೆ ಬೈದುಕೊಂಡು ಕ್ಯಾಂಟೀನಿನಲ್ಲಿ ಕೂತಿದ್ವಿ. ಆ ಬೈಗುಳ ವಾಪಸ್ ತಗೋತೀವಿ. ಮೇಡಂ ತಿದ್ದಿದ್ದು ಸರಿಯಾಗಿಯೇ ಇತ್ತು. ತಪ್ಪಿರೋದು ರಾತ್ರಿ ಓಡುವ ಸಿಂಕ್‌ನಲ್ಲಿ, ಇನ್ನೂ ಸರಿಯಾಗಿ ಹೇಳಬೇಕಂದ್ರೆ ಅದರ ಮ್ಯಾಪಿಂಗ್‌ನಲ್ಲಿ.

ಅಡ್ಮಿಷನ್ ದಿನ ನಾವು ತುಂಬಿದ ಫಾರ್ಮ್ ಒಂದು ಡೇಟಾಬೇಸಿಗೆ ಹೋಗುತ್ತೆ. ವೈಫೈ, ಲೈಬ್ರರಿ, ಇಮೇಲ್ ಇವೆಲ್ಲ ನೋಡೋದು ಇನ್ನೊಂದನ್ನ, ಎಲ್‌ಡಿಎಪಿ ಡೈರೆಕ್ಟರಿಯನ್ನ. ಎರಡರ ಮಧ್ಯೆ ಸಿಂಕ್ ಮಾಡುವ ಸಾಫ್ಟ್‌ವೇರ್ ಇರುತ್ತೆ. ಈ ಕಡೆಯ ಯಾವ ಕಾಲಂ ಆ ಕಡೆ ಎಲ್ಲಿಗೆ ಹೋಗಬೇಕು ಅನ್ನೋ ಪಟ್ಟಿಯೇ ಮ್ಯಾಪಿಂಗ್. ಲ್ಯಾಬ್‌ನ ಸಿಸ್ಟಮ್ ಅಡ್ಮಿನ್ ಸರ್ ನಮಗೆ ಆ ಪಟ್ಟಿ ತೋರಿಸಿದರು. ತಂದೆಯ ಹೆಸರಿನ ಕಾಲಂ ನೇರವಾಗಿ ಸರ್‌ನೇಮ್‌ಗೆ ಹೋಗ್ತಿತ್ತು. ಯಾರೋ ಯಾವಾಗಲೋ ಬರೆದು ಹೋಗಿದ್ದು, ಆಮೇಲೆ ಯಾರೂ ಮುಟ್ಟಿಲ್ಲ ಅಂದ್ರು.

ನಂಬಿಕೆ ಬರಲಿ ಅಂತ ನಾವು ಮೂವರು ಮಿಡ್‌ಪಾಯಿಂಟ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡಿದ್ವಿ. ಸ್ಲೊವಾಕಿಯಾದ ಇವೊಲ್ವಿಯಂ ಕಂಪನಿಯದು, ಫ್ರೀ. ಒಂದು ಕಡೆ ಸುಳ್ಳು ಹೆಸರುಗಳ ಸಿಎಸ್‌ವಿ ಫೈಲ್, ಇನ್ನೊಂದು ಕಡೆ ಓಪನ್ ಎಲ್‌ಡಿಎಪಿ. ಇದರಲ್ಲಿ ಪ್ರತಿ ಮ್ಯಾಪಿಂಗಿಗೂ ಒಂದು ಬಲ ಇರುತ್ತೆ. ವೀಕ್ ಅಂತ ಕೊಟ್ಟರೆ ಆ ಕಡೆ ಖಾಲಿ ಇದ್ದಾಗ ಮಾತ್ರ ತುಂಬುತ್ತೆ. ನಾರ್ಮಲ್ ಅಂದ್ರೆ ಮೂಲದಲ್ಲಿ ಬದಲಾದಾಗ ಕಳಿಸುತ್ತೆ. ಸ್ಟ್ರಾಂಗ್ ಅಂದ್ರೆ, ಆ ಕಡೆ ಯಾರು ಏನೇ ತಿದ್ದಿರಲಿ, ಮೂಲದಲ್ಲಿರೋದೇ ಸರಿ ಅಂತ ಮೇಲೆ ಬರೆದುಬಿಡುತ್ತೆ. ಸರ್‌ನೇಮ್‌ಗೆ ಸ್ಟ್ರಾಂಗ್ ಕೊಟ್ಟು, ಎಲ್‌ಡಿಎಪಿಯಲ್ಲಿ ಕೈಯಾರೆ ತಿದ್ದಿ, ರಿಕನ್ಸಿಲಿಯೇಶನ್ ಓಡಿಸಿದ್ವಿ. ತಿದ್ದಿದ್ದು ಮಾಯ! ರಮ್ಯಾ ಪಕ್ಕದಲ್ಲೇ ಕೂತಿದ್ದಳು, 'ಇದೇ, ಇದೇ' ಅಂತ ಕೂಗಿದಳು. ಮೇಡಂ ತಿದ್ದುತ್ತಿದ್ದದ್ದು ಎರಡನೇ ಮನೆಯಲ್ಲಿ. ಮೂಲದ ಮನೆಗೆ ಅವರಿಗೆ ಪ್ರವೇಶವೇ ಇಲ್ಲ.

ಸರಿ, ಈ ಸರ್‌ನೇಮ್ ಕಾಲಂ ಖಾಲಿ ಬಿಡಬಹುದಲ್ವಾ ಅಂತ ಕೇಳಬಹುದು. ಆಗಲ್ಲ. ಎಲ್‌ಡಿಎಪಿಯಲ್ಲಿ 'ಪರ್ಸನ್' ಅನ್ನೋ ವರ್ಗಕ್ಕೆ ಎರಡು ಕಡ್ಡಾಯ: ಸಿಎನ್, ಅಂದ್ರೆ ಪೂರ್ತಿ ಹೆಸರು, ಮತ್ತು ಎಸ್‌ಎನ್, ಅಂದ್ರೆ ಸರ್‌ನೇಮ್. ನಮ್ಮದೇ ಆದ ಹೆಸರು, ಗಿವನ್ ನೇಮ್, ಐಚ್ಛಿಕ! ಅಡ್ಡಹೆಸರು ಇಲ್ಲದೆ ಮನುಷ್ಯ ಇರಲ್ಲ ಅಂತ ನಂಬಿದವರು ಮಾಡಿದ ನಿಯಮ. ಹಳೇ ಮೈಸೂರು ಕಡೆಯ ಅರ್ಧ ಕ್ಲಾಸ್ ಇದರಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ.

ಹಾಗಂತ ಒಂದು ಜಾಣ ರೂಲ್ ಬರೆದರೆ ಮುಗೀತು ಅಂತಲೂ ಅಲ್ಲ. ಕೊನೆಯ ಪದವೇ ಸರ್‌ನೇಮ್, ಮೊದಲ ಪದ ಹೆಸರು ಅಂತಿಟ್ಟುಕೊಳ್ಳಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಸರಿಯಾಗಿ ಬರ್ತಾರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರಿಗೆ ಮಾತ್ರ 'ಡಿಯರ್ ಕುಪ್ಪಳಿ' ಅಂತ ಇಮೇಲ್ ಹೋಗುತ್ತೆ. ಕುಪ್ಪಳಿ ಅವರ ಊರು ಸ್ವಾಮಿ! ಸರಿ, ನಮ್ಮ ಕಾಲೇಜಿನ ಹಾಗೆ ತಂದೆಯ ಹೆಸರನ್ನ ಸರ್‌ನೇಮ್ ಮಾಡೋಣ. ಆಗ ಬೇಂದ್ರೆಯವರು 'ದತ್ತಾತ್ರೇಯ ರಾಮಚಂದ್ರ' ಆಗಿ, ಬೇಂದ್ರೆ ಅನ್ನೋದೇ ಹೋಗುತ್ತೆ. ಹುಬ್ಬಳ್ಳಿ-ಧಾರವಾಡ ಕಡೆಯ ಪಾಟೀಲ, ಹಿರೇಮಠ ಎಲ್ಲರಿಗೂ ಇದೇ ಗತಿ. ಒಂದೇ ರಾಜ್ಯದಲ್ಲಿ ಹೆಸರಿಡುವ ಪದ್ಧತಿ ಒಂದೇ ಅಲ್ಲ, ಆದ್ದರಿಂದ ಹೆಸರನ್ನ ಕತ್ತರಿಸುವ ಯಾವ ರೂಲೂ ನಡೆಯಲ್ಲ.

ಸೀನಿಯರ್ ಒಬ್ಬರು 'ಇಷ್ಟಕ್ಕೆಲ್ಲ ಯಾಕೆ ತಲೆಕೆಡಿಸ್ಕೋತೀರಾ, ಒಂದು ಅಫಿಡವಿಟ್ ಮಾಡಿಸಿ ಕೊಡಿ' ಅಂದ್ರು. ಅಪ್ಪ ಅಮ್ಮ ಇಟ್ಟ ಹೆಸರು, ಎಲ್ಲ ದಾಖಲೆಯಲ್ಲೂ ಸರಿಯಾಗಿರೋ ಹೆಸರು. ಅದು ನನ್ನದೇ ಅಂತ ನೋಟರಿ ಹತ್ತಿರ ಯಾಕೆ ಹೋಗಬೇಕು? ಸ್ಟ್ರಾಂಗ್ ಮ್ಯಾಪಿಂಗೇ ಬೇಡ ಅಂತ ನಾವು ಹೇಳ್ತಿಲ್ಲ. ಅದಿಲ್ಲದಿದ್ರೆ ಲೈಬ್ರರಿಗೆ ಒಬ್ಬ, ಇಮೇಲ್‌ಗೆ ಇನ್ನೊಬ್ಬ ಆಗಿಬಿಡ್ತೀವಿ. ಆದರೆ ಮೂಲ ಸರಿ ಇದ್ದಾಗ ಮಾತ್ರ ಅದಕ್ಕೆ ಅರ್ಥ. ಎಲ್ಲದಕ್ಕೂ ಹಾಕೋದೂ ತಪ್ಪು. ಫೋನ್ ನಂಬರಿಗೆ ಸ್ಟ್ರಾಂಗ್ ಇದೆ, ಹಾಗಾಗಿ ನಾವು ಎಷ್ಟು ಸಲ ಬದಲಿಸಿದರೂ ಅಡ್ಮಿಷನ್ ದಿನ ಕೊಟ್ಟ ಅಪ್ಪನ ನಂಬರೇ ವಾಪಸ್. ಒಟಿಪಿ ಊರಲ್ಲಿ ತೋಟದಲ್ಲಿರೋ ಅಪ್ಪನಿಗೆ ಹೋಗುತ್ತೆ!

ನಾವು ಕೇಳ್ತಿರೋದು ದೊಡ್ಡದೇನಲ್ಲ. ಮಾರ್ಕ್ಸ್ ಕಾರ್ಡಿನಲ್ಲಿರೋ ಹೆಸರು ಚುಕ್ಕಿ ಸಮೇತ, ಕತ್ತರಿಸದೆ, ಸಿಎನ್‌ಗೂ ಡಿಸ್‌ಪ್ಲೇ ನೇಮ್‌ಗೂ ಹೋಗಲಿ. ಎಸ್‌ಎನ್ ಕಡ್ಡಾಯ ತಾನೇ, ಅಲ್ಲೂ ಅದೇ ಪೂರ್ತಿ ಹೆಸರು ತುಂಬಲಿ, ಆದರೆ ಸರ್ಟಿಫಿಕೇಟ್ ಪ್ರಿಂಟ್ ಮಾಡೋಕೆ ಅದನ್ನ ಬಳಸಬೇಡಿ. ಹಳೇ ದಾಖಲೆ ಹುಡುಕೋದು ಯುಎಸ್‌ಎನ್ ಮೇಲೆ ಆಗಲಿ, ಹೆಸರಿನ ಮೇಲೆ ಬೇಡ. ತಿದ್ದುಪಡಿ ಅಡ್ಮಿಷನ್ ದಾಖಲೆಯಲ್ಲೇ ಆಗಲಿ, ಮೇಡಂಗೆ ಅಲ್ಲಿ ತಿದ್ದುವ ಅಧಿಕಾರ ಕೊಡಿ. ಕನ್ನಡ ಸಂಘದವರಾಗಿ ಒಂದು ಆಸೆಯನ್ನೂ ಸೇರಿಸ್ತೀವಿ: ಕನ್ನಡದಲ್ಲಿ ಹೆಸರು ಬರೆಯುವ ಕಾಲಂ. 1997ರಲ್ಲಿ ಬಂದ ಎಲ್‌ಡಿಎಪಿ ಮೂರನೇ ಆವೃತ್ತಿಯಿಂದಲೇ ಯುಟಿಎಫ್-8 ಇದೆ, ಕನ್ನಡ ಆರಾಮಾಗಿ ಕೂರುತ್ತೆ.

ಸೋಮವಾರ ರಮ್ಯಾ ನಾಲ್ಕನೇ ಸಲ ಆಫೀಸಿಗೆ ಹೋಗ್ತಿದ್ದಾಳೆ. ಸ್ಕಾಲರ್‌ಶಿಪ್‌ಗೆ ಕೊನೇ ದಿನ ಶುಕ್ರವಾರ. ಈ ಸಲ ನಾವು ಮೂವರೂ ಮ್ಯಾಪಿಂಗಿನ ಪ್ರಿಂಟೌಟ್ ಹಿಡ್ಕೊಂಡು ಜೊತೆಗೆ ಹೋಗ್ತೀವಿ. ನಿಮ್ಮ ಲಾಗಿನ್‌ನಲ್ಲೂ ಅಪ್ಪನ ಹೆಸರು ಅಂಟಿಕೊಂಡಿದ್ರೆ ಹನ್ನೊಂದು ಗಂಟೆಗೆ ಆಫೀಸ್ ಹತ್ರ ಬನ್ನಿ, ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಮರೀಬೇಡಿ.