ಕಪ್ ಗೆದ್ದ ತಂಡಕ್ಕೆ ಹೊಸ ಯಜಮಾನರು ಬಂದರೆ

ಬೆಳಿಗ್ಗೆ ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ನಮ್ಮದು ಒಂದೇ ಚರ್ಚೆ: ಆರ್‌ಸಿಬಿ ಯಾರ ಕೈಗೆ ಹೋಗುತ್ತದೆ? ತಂಡದಲ್ಲಿರುವ ತನ್ನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ ಯುನೈಟೆಡ್ ಸ್ಪಿರಿಟ್ಸ್ 2025ರ ನವೆಂಬರ್‌ನಲ್ಲಿ ಷೇರುಪೇಟೆಗೆ ತಿಳಿಸಿತಲ್ಲ, ಅಂದಿನಿಂದ ಇದು ಶುರು. ಬೆಳ್ತಂಗಡಿಯಿಂದ ವೇಣೂರು ದಾರಿಯಾಗಿ ಕಾಲೇಜಿಗೆ ಬರುವ ಗೆಳೆಯನ ಚಿಂತೆ ಬೇರೆ. "ಹೊಸಬರು ಬಂದ ಮೊದಲ ವರ್ಷವೇ ಸೋತರೆ ಏನು ಮಾಡುವುದು ಮಾರಾಯ?"

ಏನೂ ಮಾಡಬಾರದು ಎನ್ನುವುದು ನನ್ನ ಅಭಿಪ್ರಾಯ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಬ್ಯಾಕ್ ಉಳಿಸಿಕೊಂಡವನು ನಾನು. ಆ ಒಂದು ಅಂಕಪಟ್ಟಿ ನೋಡಿ ಅಪ್ಪ ನನ್ನನ್ನು ಕಾಲೇಜು ಬಿಡಿಸಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ತಂಡದ ಇತಿಹಾಸವನ್ನೇ ನೋಡಿ. 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರ್ ಕೊಟ್ಟು ತಂಡ ಕೊಂಡರು. ಎಂಟು ತಂಡಗಳಲ್ಲಿ ಏಳನೇ ಸ್ಥಾನ ಬಂತು. ಟೂರ್ನಿ ಮುಗಿಯುವ ಮೊದಲೇ ಸಿಇಒ ಚಾರು ಶರ್ಮಾ ಹೊರಬಿದ್ದರು. ಮರುವರ್ಷ ಫೈನಲ್ ತಲುಪಿತು, ನಿಜ. ಆದರೆ 6 ರನ್‌ಗಳಿಂದ ಸೋತಿತು. ಮುಂದೆ ಯುನೈಟೆಡ್ ಸ್ಪಿರಿಟ್ಸ್ ಡಿಯಾಜಿಯೊ ಕೈಗೆ ಹೋಯಿತು, 2016ರಲ್ಲಿ ಮಲ್ಯ ಅಧ್ಯಕ್ಷ ಸ್ಥಾನವನ್ನೂ ಬಿಟ್ಟರು. 2017ರಲ್ಲಿ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್, ಆ ವರ್ಷ ಕೊನೆಯ ಸ್ಥಾನ. 2019ರಲ್ಲಿ ಮತ್ತೆ ಕೊನೆ. ಅಂದೇ ತೀರ್ಪು ಕೊಟ್ಟಿದ್ದರೆ ಈ ಮಾಲೀಕರು ಫೇಲ್.

ನನಗೆ ಮುಖ್ಯ ಅನ್ನಿಸುವುದು 2024. ಕೋಚ್ ಆಗಿ ಆ್ಯಂಡಿ ಫ್ಲವರ್, ಕ್ರಿಕೆಟ್ ನಿರ್ದೇಶಕರಾಗಿ ಮೊ ಬೊಬಾಟ್ ಹೊಸದಾಗಿ ಬಂದಿದ್ದರು. ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋಲು! ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರನ್ನು ದಿನಕ್ಕೆ ಹತ್ತು ಸಲ ಮನೆಗೆ ಕಳುಹಿಸುತ್ತಿದ್ದೆವು, ನಾನೂ ಸೇರಿ. ಮಾಲೀಕರು ಕಳುಹಿಸಲಿಲ್ಲ. ಆಮೇಲೆ ಸತತ ಆರು ಗೆಲುವು, ಪ್ಲೇಆಫ್. ಆ ನವೆಂಬರ್‌ನ ಮೆಗಾ ಹರಾಜಿನಲ್ಲಿ ಹೇಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ, ಕೃಣಾಲ್‌ಗೆ 5.75 ಕೋಟಿ ಕೊಟ್ಟಾಗಲೂ ನಕ್ಕವರು ನಾವೇ. ಸುರತ್ಕಲ್‌ನಲ್ಲಿ ಬೆಳೆದ ನಮ್ಮ ರಾಹುಲ್‌ನನ್ನು ಡೆಲ್ಲಿಗೆ ಬಿಟ್ಟುಕೊಟ್ಟರೆಂಬ ಸಿಟ್ಟು ಬೇರೆ. (ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.) 2025ರಲ್ಲಿ ಇದೇ ತಂಡ ಲೀಗ್ ಹಂತದಲ್ಲಿ ಹೊರಗೆ ಆಡಿದ ಏಳಕ್ಕೆ ಏಳೂ ಪಂದ್ಯ ಗೆದ್ದಿತು. ಜೂನ್ 3ರ ಫೈನಲ್‌ನಲ್ಲಿ ಕೃಣಾಲ್ 17 ರನ್ ಕೊಟ್ಟು 2 ವಿಕೆಟ್ ತೆಗೆದರು. ಗೆಲುವಿನ ಅಂತರ ಮತ್ತೆ ಅದೇ 6 ರನ್, ಈ ಸಲ ನಮ್ಮ ಕಡೆಗೆ.

ಕಡಲಕೆರೆಯ ಕಂಬಳಕ್ಕೆ ಹೋದಾಗ ನಮ್ಮ ಮಾವ ಕೈ ಬದಲಾದ ಕೋಣಗಳನ್ನು ತೋರಿಸಿ ಮೊದಲು ಕೇಳುವುದು, "ಸಾಕುವವರು ಹಳಬರೇ ಇದ್ದಾರಾ?" ಎಂದು. ಪದಕದ ಮಾತು ಆಮೇಲೆ. ನನ್ನ ಪ್ರಶ್ನೆಯೂ ಅದೇ. ಹೊಸ ಯಜಮಾನರು ಫ್ಲವರ್, ಬೊಬಾಟ್ ಅವರನ್ನು ಕೆಲಸ ಮಾಡಲು ಬಿಡುತ್ತಾರಾ? ನಾಯಕ ರಜತ್ ಪಾಟೀದಾರ್ ನಾಲ್ಕು ಪಂದ್ಯ ಸೋತರೆ ಗ್ಯಾಲರಿಯಲ್ಲಿ ಕುಳಿತು ಮುಖ ಸಿಂಡರಿಸುತ್ತಾರಾ? ಬಹಳ ದುಡ್ಡು ಸುರಿದು ಬರುವವರಿಗೆ ಅದನ್ನು ಬೇಗ ವಾಪಸು ಪಡೆಯುವ ಅವಸರವೂ ಇರುತ್ತದೆ. ನನ್ನ ಭಯ ಇರುವುದು ಆ ಅವಸರದ ಮೇಲೆ, ಸೋಲಿನ ಮೇಲಲ್ಲ. ಕನಿಷ್ಠ ಮೂರು ಸೀಸನ್ ನೋಡದೆ ನಾನಂತೂ ಅವರಿಗೆ ಮಾರ್ಕ್ಸ್ ಕೊಡುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಮೂರು ವರ್ಷ ಕಾಯಲಾರೆ. ಕಪ್ ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಸತ್ತವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ಆ ದಿನ ನನಗೆ ಇಂಟರ್ನಲ್ ಪರೀಕ್ಷೆ ಇಲ್ಲದಿದ್ದರೆ ಹಿಂದಿನ ರಾತ್ರಿಯ ಬಸ್ಸಿಗೆ ನಾನೂ ಹತ್ತುತ್ತಿದ್ದೆ. ಬೆಳ್ತಂಗಡಿಯ ಗೆಳೆಯ ಹತ್ತಿದ್ದ. ಗೇಟಿನ ಹತ್ತಿರ ಒಂದು ಚಪ್ಪಲಿ ಕಳೆದುಕೊಂಡು, ಯಾರನ್ನೂ ನೋಡದೆ ವಾಪಸು ಬಂದ. ಮೃತರ ಕುಟುಂಬಗಳಿಗೆ ತಂಡ ತಲಾ 25 ಲಕ್ಷ ರೂಪಾಯಿ ಘೋಷಿಸಿತು. ಆ ಮನೆಗಳ ಜೊತೆ ನಂಟು ಇಟ್ಟುಕೊಳ್ಳುವುದು ಹಳೆಯವರ ಲೆಕ್ಕ, ನಮಗೆ ಸಂಬಂಧವಿಲ್ಲ ಎಂದು ಹೊಸಬರು ಹೇಳಿದರೆ, ಅಂಥವರು ಐದು ಕಪ್ ತಂದರೂ ನನಗೆ ಬೇಡ.

ಈ ಸಲ ಟಿಕೆಟ್ ಸಿಕ್ಕರೆ ಪಂದ್ಯ ನೋಡಲು ಬರುತ್ತೀಯಾ ಎಂದು ಗೆಳೆಯನನ್ನು ಮೊನ್ನೆ ಕೇಳಿದೆ. "ಮೊದಲು ಗೇಟು ಹೇಗಿದೆ ನೋಡಿ ಹೇಳು" ಅಂದ.