ಮಡಿಲಲ್ಲಿ ಮಲಗುವ ಯಂತ್ರಮರಿ

ಬೆನ್ನು ಸವರಿದರೆ ಕಣ್ಣು ಮುಚ್ಚಿ ಹಿತವಾಗಿ ಕೂಗುತ್ತದೆ. ಹೆಸರು ಹಿಡಿದು ಕರೆದರೆ ತಲೆ ಎತ್ತುತ್ತದೆ. ಬಿಳಿ ತುಪ್ಪಳದ, 2.7 ಕಿಲೊ ತೂಕದ, ಅಂದರೆ ಹೆಚ್ಚೂಕಡಿಮೆ ಹಸುಗೂಸಿನಷ್ಟೇ ಭಾರದ ಈ ಸೀಲ್ ಮರಿಯ ಹೆಸರು ಪಾರೊ. ಬ್ಯಾಟರಿ ಬರಿದಾದರೆ ಅದರ ಬಾಯಿಗೆ ಮಕ್ಕಳು ಚೀಪುವ ನಿಪ್ಪಲ್ಲಿನಂಥ ಚಾರ್ಜರ್ ಇಡಬೇಕು!

ಜಪಾನಿನ ಎಂಜಿನಿಯರ್ ತಕಾನೊರಿ ಶಿಬಾಟ 1993ರಲ್ಲಿ ಇದರ ಕೆಲಸ ಆರಂಭಿಸಿದರು. 2005ರಲ್ಲಿ ಪಾರೊ ಮಾರುಕಟ್ಟೆಗೆ ಬಂತು. 2009ರಲ್ಲಿ ಅಮೆರಿಕದ ಎಫ್‌ಡಿಎ ಇದನ್ನು ವೈದ್ಯಕೀಯ ಸಾಧನವೆಂದು ಪರಿಗಣಿಸಿತು. ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆಗೆ ತುತ್ತಾದ ವೃದ್ಧರಿಗೆ ಇದು ಸಂಗಾತಿ.

ಎಲ್ಲ ಬಿಟ್ಟು ಸೀಲ್ ಏಕೆ? ಶಿಬಾಟ ಮೊದಲು ಬೆಕ್ಕಿನ ಯಂತ್ರ ಮಾಡಿ ನೋಡಿದ್ದರು. ಬೆಕ್ಕನ್ನು ಬಲ್ಲ ಜನ ‘ಇದು ಬೆಕ್ಕಿನ ಹಾಗಿಲ್ಲ’ ಎಂದು ತಪ್ಪು ಹುಡುಕತೊಡಗಿದರು. ಹಿಮದ ಮೇಲಿನ ಸೀಲ್ ಮರಿಯನ್ನು ಹತ್ತಿರದಿಂದ ನೋಡಿದವರು ಎಷ್ಟು ಮಂದಿ? ಹೋಲಿಸಲು ಏನೂ ಇಲ್ಲದಾಗ ಮನಸ್ಸು ತಕರಾರು ಮಾಡುವುದಿಲ್ಲ.

ಪಾರೊದೊಳಗೆ ಸ್ಪರ್ಶ, ಬೆಳಕು, ಶಬ್ದ, ಉಷ್ಣತೆಗಳನ್ನು ಗ್ರಹಿಸುವ ಸಂವೇದಕಗಳಿವೆ. ಏನೋ ಮಾಡಿದಾಗ ಸವರಿದಿರೋ, ಅದನ್ನೇ ಮತ್ತೆ ಮಾಡಲು ಯತ್ನಿಸುತ್ತದೆ. ಪೆಟ್ಟು ಕೊಟ್ಟರೆ ಬಿಡುತ್ತದೆ. ಪದೇ ಪದೇ ಕರೆದ ಹೆಸರನ್ನು ತನ್ನದಾಗಿಸಿಕೊಳ್ಳುತ್ತದೆ. ಮಗಳ ಹೆಸರನ್ನೇ ಮರೆತ ಮುದುಕಿಯ ಮಡಿಲಲ್ಲಿ, ಆಕೆ ಇಟ್ಟ ಹೆಸರನ್ನು ನೆನಪಿಡುವ ಯಂತ್ರ!

ಇದಕ್ಕೆ ಮಾತು ಬಾರದು. ನನಗೆ ಅದೇ ಇದರ ದೊಡ್ಡ ಗುಣವೆನ್ನಿಸುತ್ತದೆ. ನಾವಾದರೋ ಮರೆವಿನ ಅಜ್ಜಿ ಕಂಡೊಡನೆ ಪರೀಕ್ಷೆಗೆ ಕೂರಿಸುತ್ತೇವೆ: ‘ಇವತ್ತು ಯಾವ ವಾರ? ನಾನ್ಯಾರು ಹೇಳು ನೋಡೋಣ?’ ಅರಳುಮರಳೆಂದು ನಗುವುದೂ ಉಂಟು. ಆದರೆ ಡಿಮೆನ್ಷಿಯಾ ಮುಪ್ಪಿನ ಸಹಜ ಲಕ್ಷಣವಲ್ಲ, ಮಿದುಳಿನ ಕಾಯಿಲೆ. ಉತ್ತರ ಸಿಗದ ಪ್ರಶ್ನೆ ರೋಗಿಯನ್ನು ಕಂಗೆಡಿಸುತ್ತದೆ.

ಹಾಗಾದರೆ ಪಾರೊದಿಂದ ಉಪಯೋಗವಾಯಿತೆ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ 28 ಪಾಲನಾಗೃಹಗಳ 415 ವೃದ್ಧರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಪ್ರಯೋಗದ ಜಾಣತನ ನೋಡಿ: ಒಂದು ಗುಂಪಿಗೆ ಪಾರೊ, ಇನ್ನೊಂದಕ್ಕೆ ಸ್ವಿಚ್ ಆರಿಸಿದ ಪಾರೊ, ಮೂರನೆಯದಕ್ಕೆ ಎಂದಿನ ಆರೈಕೆ ಮಾತ್ರ. ವಾರಕ್ಕೆ ಮೂರು ಸಲ 15 ನಿಮಿಷದಂತೆ ಹತ್ತು ವಾರ. ಎಂದಿನ ಆರೈಕೆಗಿಂತ ಪಾರೊ ಇದ್ದಾಗ ಸಂತೋಷ ತುಸು ಹೆಚ್ಚಿತು, ಚಡಪಡಿಕೆ ತಗ್ಗಿತು. ಆದರೆ ಅಲುಗದ ಬೊಂಬೆಗಿಂತ ಅದು ಮೇಲೆನಿಸಿದ್ದು ಒಂದರಲ್ಲಿ ಮಾತ್ರ: ವೃದ್ಧರು ಅದನ್ನು ಹೆಚ್ಚು ನೋಡಿದರು, ಅದರೊಡನೆ ಹೆಚ್ಚು ಮಾತಾಡಿದರು. ಸಾವಿರಾರು ಡಾಲರ್ ತೆತ್ತು ಕೊಳ್ಳುವವರು ಇದನ್ನು ಗಮನಿಸಬೇಕು.

ಅಮೆರಿಕದ ಎಂಐಟಿಯ ಶೆರಿ ಟರ್ಕಲ್ ಅವರ ಆಕ್ಷೇಪ ಬೇರೆಯೇ. ಮಗುವನ್ನು ಕಳೆದುಕೊಂಡ ವೃದ್ಧೆಯೊಬ್ಬರು ಯಂತ್ರದ ಸೀಲ್ ಜೊತೆ ದುಃಖ ತೋಡಿಕೊಳ್ಳುವುದನ್ನು ಅವರು ಕಂಡರು. ಹಲವರಿಗೆ ಅದು ಅದ್ಭುತವೆನಿಸಿತು, ಟರ್ಕಲ್‌ಗೆ ಸಂಕಟವಾಯಿತು. ಹುಟ್ಟು ಸಾವು ಗೊತ್ತಿಲ್ಲದ ಯಂತ್ರ ಏನನ್ನು ಅರ್ಥಮಾಡಿಕೊಂಡೀತು? ಅವರ ಸಂಕಟ ನ್ಯಾಯವಾದದ್ದೇ. ಆದರೂ ಎಲ್ಲವೂ ಬಳಸುವ ರೀತಿಯ ಮೇಲಿದೆ. ಪಾರೊವನ್ನು ಮಡಿಲಿಗೆ ಹಾಕಿ ದಾದಿ ಎದ್ದುಹೋಗಬಹುದು. ಇಲ್ಲವೇ ಪಕ್ಕದಲ್ಲೇ ಕೂತು, ‘ಇದಕ್ಕೇನು ಹೆಸರಿಡೋಣ ಅಜ್ಜಿ?’ ಎಂದು ಕೇಳಬಹುದು. ಆ ಪ್ರಶ್ನೆಗೆ ಯಾವ ಉತ್ತರವೂ ತಪ್ಪಲ್ಲ.