ಸುಳ್ಳು ಬಿಲ್ಲಿನಲ್ಲಿ ಸಿಕ್ಕಿಬಿದ್ದ ವಕೀಲರು

ಜಾನ್ ಗ್ರಿಶಮ್ ಅವರ ‘ದ ಫರ್ಮ್’ ಕಾದಂಬರಿ ಬಂದದ್ದು 1991ರಲ್ಲಿ. ಸಿಡ್ನಿ ಪೊಲ್ಯಾಕ್ 1993ರಲ್ಲಿ ಅದನ್ನು ತೆರೆಗೆ ತಂದಾಗ ಕೊನೆಯನ್ನೇ ಬದಲಿಸಿದರು. ಕಾದಂಬರಿ ಮೆಚ್ಚಿದವರು ಮುನಿಸಿಕೊಳ್ಳಬಹುದು. ಆದರೆ ಚಿತ್ರ ಗೆದ್ದಿರುವುದೇ ಆ ಬದಲಾವಣೆಯಿಂದ.

ಹಾರ್ವರ್ಡ್‌ನಲ್ಲಿ ಕಾನೂನು ಓದಿದ ಬಡ ಮನೆಯ ಹುಡುಗ ಮಿಚ್ ಮೆಕ್‌ಡಿಯರ್. ಮೆಂಫಿಸ್‌ನ ವಕೀಲರ ಸಂಸ್ಥೆಯೊಂದು ಅವನಿಗೆ ಕೈತುಂಬ ಸಂಬಳ, ಮನೆ, ಮರ್ಸಿಡಿಸ್ ಕಾರು ಕೊಟ್ಟು, ಓದಿನ ಸಾಲವನ್ನೂ ತೀರಿಸುತ್ತದೆ. ಸಂಸ್ಥೆಯ ಬೆನ್ನಿಗಿರುವುದು ಷಿಕಾಗೊದ ಮೊರೊಲ್ಟೊ ಮಾಫಿಯಾ. ಅದರ ಕಪ್ಪುಹಣ ಕೇಮನ್ ದ್ವೀಪಗಳ ದಾರಿಯಲ್ಲಿ ಬಿಳಿಯಾಗುತ್ತದೆ. ಬಿಟ್ಟುಹೋಗಲು ನೋಡಿದ ವಕೀಲರು ಹೆಣವಾಗಿದ್ದಾರೆ. ಚಿತ್ರದ ಸಂಗೀತಗಾರ ಡೇವ್ ಗ್ರೂಸಿನ್ ಬಹುಮಟ್ಟಿಗೆ ಒಂದೇ ಪಿಯಾನೊದಲ್ಲಿ ಈ ಭಯವನ್ನು ಎರಡೂವರೆ ಗಂಟೆ ಕಾಯ್ದುಕೊಳ್ಳುತ್ತಾರೆ.

ಕಡತ ತಂದುಕೊಡು ಎಂದು ಎಫ್‌ಬಿಐ ಒತ್ತಾಯಿಸುತ್ತದೆ. ಕೊಟ್ಟರೆ ಕಕ್ಷಿದಾರರ ಗುಟ್ಟು ರಟ್ಟು ಮಾಡಿದ್ದಕ್ಕೆ ಸನ್ನದು ಹೋಗುತ್ತದೆ, ಮಾಫಿಯಾ ಜೀವಸಹಿತ ಬಿಡುವುದಿಲ್ಲ, ಕೊಡದಿದ್ದರೆ ಜೈಲು. ಕಾದಂಬರಿಯ ಮಿಚ್ ಕಡತ ಒಪ್ಪಿಸಿ, ಹಣ ಎತ್ತಿಕೊಂಡು ಪರಾರಿಯಾಗುತ್ತಾನೆ.

ಸಿನಿಮಾದ ಮಿಚ್ ಸಂಸ್ಥೆ ಕಕ್ಷಿದಾರರಿಗೆ ಕಳಿಸಿದ ಬಿಲ್ಲುಗಳನ್ನು ತೆರೆದು ನೋಡುತ್ತಾನೆ.

ದುಡಿಯದ ಗಂಟೆಗಳಿಗೂ ಶುಲ್ಕ ಹಾಕಿ ಅಂಥ ಬಿಲ್ಲನ್ನು ಅಂಚೆಯಲ್ಲಿ ಕಳಿಸುವುದು ಅಮೆರಿಕದಲ್ಲಿ ಫೆಡರಲ್ ಅಪರಾಧ. ಒಂದೊಂದು ಲಕೋಟೆಗೂ ಪ್ರತ್ಯೇಕ ಆರೋಪ ಹೊರಿಸಬಹುದು. ಮಿಚ್ ನೇರವಾಗಿ ಮೊರೊಲ್ಟೊ ಸಹೋದರರ ಮುಂದೆ ಕೂತು, ನಿಮಗೂ ಹೆಚ್ಚು ಬಿಲ್ ಹಾಕಿದ್ದಾರೆ ಎಂದು ತಿಳಿಸಿ, ಆ ಬಿಲ್ಲುಗಳನ್ನು ಸರ್ಕಾರಕ್ಕೆ ಕೊಡಲು ಒಪ್ಪಿಗೆ ಕೇಳುತ್ತಾನೆ. ಉಳಿದ ವಿಷಯದಲ್ಲಿ ತಾನು ಅವರ ವಕೀಲ, ಬಾಯಿ ಬಿಡುವಂತಿಲ್ಲ ಎಂಬುದೊಂದೇ ಅವನ ರಕ್ಷಣೆ. ಗುಂಡು ಹಾರಿಸುವ ಯಾವ ಕ್ಲೈಮ್ಯಾಕ್ಸೂ ಈ ದೃಶ್ಯಕ್ಕೆ ಸಾಟಿಯಲ್ಲ.

ಕಕ್ಷಿದಾರನ ಗುಟ್ಟು ಬೇರೆ, ವಕೀಲನ ಸ್ವಂತ ಅಪರಾಧ ಬೇರೆ. ನಮ್ಮ ಕಾನೂನೂ ಈ ಗೆರೆಯನ್ನು ಒಪ್ಪುತ್ತದೆ. ಕಕ್ಷಿದಾರ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ವಕೀಲ ಹೊರಗೆಡವುವಂತಿಲ್ಲ ಎನ್ನುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್, ಅಕ್ರಮ ಸಾಧಿಸಲು ಆಡಿದ ಮಾತಿಗೆ ಆ ರಕ್ಷಣೆ ಕೊಡುವುದಿಲ್ಲ. 2025ರಲ್ಲಿ ಜಾರಿ ನಿರ್ದೇಶನಾಲಯ ಹಿರಿಯ ವಕೀಲರಿಗೆ ಸಮನ್ಸ್ ಕಳಿಸಿದಾಗ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ನಡೆಸಿದ್ದು ಇದೇ ಪ್ರಶ್ನೆಯ ಮೇಲೆ.

ಹಾಗಾಗಿ ಈ ಚಿತ್ರವನ್ನು ಕಾನೂನು ಕಾಲೇಜುಗಳ ತರಗತಿಯಲ್ಲೇ ತೋರಿಸಬೇಕು. ವೃತ್ತಿನೀತಿ ಪರೀಕ್ಷೆಗೆ ಬಾಯಿಪಾಠವಾಗುತ್ತದೆ. ಸಂಬಳ, ಸಾಲ, ಹಿರಿಯರ ಒತ್ತಡಗಳ ನಡುವೆ ಅದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಕಣ್ಣಾರೆ ಕಂಡಾಗಲೇ ಚರ್ಚೆಗೆ ಬರುತ್ತದೆ.